ಅಮೆರಿಕದ ಹಾಡು ಮತ್ತು ಸಂಗೀತ ನಾಟಕ



ಅಮೆರಿಕವೆಂದೊಡನೆ ನಮ್ಮಲ್ಲಿ ಅನೇಕರ ಮನಸ್ಸಿಗೆ ಬರುವುದು ಯಂತ್ರ, ಹಣ, ಮುಗಿಲು ಮುಟ್ಟುವ ಕಟ್ಟಡ, ಚಲನಚಿತ್ರ ಇವುಗಳೇ. ಆದರೆ ಆ ದೇಶದಿಂದ ಹೊರಟು ಪ್ರಪಂಚವನ್ನೆಲ್ಲ ಸುತ್ತಿದ ವಸ್ತುಗಳಲ್ಲಿ ಅದರ ಹಾಡಿಗಿಂತ ದೂರ ಹೋದುದು ಬೇರೊಂದಿಲ್ಲವೆಂದರೆ ತಪ್ಪಾಗಲಾರದು. ಇಲ್ಲಿ ಹಾಡೆಂದರೆ ದೊಡ್ಡ ಸಭೆಗಳಲ್ಲಿ ವಿದ್ವಾಂಸರು ಆಲಿಸುವ ಘನ ಸಂಗೀತವಲ್ಲ. ಬೀದಿಯಲ್ಲಿ ಹುಡುಗರು ಸಿಳ್ಳು ಹಾಕುವ, ಅಡುಗೆ ಮನೆಯಲ್ಲಿ ಗೃಹಿಣಿ ಗುನುಗುನಿಸುವ, ನಾಟಕಶಾಲೆಯಿಂದ ಹೊರಡುವಾಗ ಪ್ರೇಕ್ಷಕನು ತನ್ನೊಡನೆ ಮನೆಗೆ ಕೊಂಡೊಯ್ಯುವ ಹಾಡು. ಈ ಹಾಡೂ ಅದರ ತವರುಮನೆಯಾದ ಸಂಗೀತ ನಾಟಕವೂ ಬೆಳೆದು ಬಂದ ಬಗೆಯನ್ನು ಈ ಹೊತ್ತು ಸಂಕ್ಷೇಪವಾಗಿ ವಿವರಿಸಬೇಕೆಂದಿದ್ದೇನೆ.

ಈ ಚರಿತ್ರೆಯ ಉದ್ದಕ್ಕೂ ಎರಡು ಪ್ರಶ್ನೆಗಳು ಜೊತೆಜೊತೆಯಾಗಿ ನಡೆದು ಬರುತ್ತವೆ. ನಾಟಕದಲ್ಲಿ ಹಾಡಿಗೆ ಏನು ಕೆಲಸ ಎಂಬುದು ಮೊದಲನೆಯದು. ಆ ಹಾಡು ನಿಜವಾಗಿ ಯಾರದು ಎಂಬುದು ಎರಡನೆಯದು. ಮೊದಲನೆಯದು ಕಲೆಯ ಪ್ರಶ್ನೆ, ಎರಡನೆಯದು ನ್ಯಾಯದ ಪ್ರಶ್ನೆ. ಇವೆರಡೂ ಬೇರೆ ಬೇರೆ ಎಂದು ಮೇಲುನೋಟಕ್ಕೆ ತೋರಬಹುದು. ಎರಡನೆಯದನ್ನು ಮರೆಸಿಟ್ಟಷ್ಟು ಕಾಲ ಮೊದಲನೆಯದಕ್ಕೂ ಸರಿಯಾದ ಉತ್ತರ ದೊರಕಲಿಲ್ಲ ಎಂಬುದೇ ನನ್ನ ಮಾತಿನ ಸಾರ.

ಹತ್ತೊಂಬತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಅಮೆರಿಕದ ಜನಸಾಮಾನ್ಯರು ಮುಗಿಬಿದ್ದು ನೋಡುತ್ತಿದ್ದ ರಂಗವಿನೋದವೆಂದರೆ ಮಿನ್‌ಸ್ಟ್ರಲ್ ಪ್ರದರ್ಶನ. ಬಿಳಿಯ ನಟರು ಸುಟ್ಟ ಬೆಂಡಿನ ಮಸಿಯನ್ನು ಮುಖಕ್ಕೆ ಬಳಿದುಕೊಂಡು, ದಕ್ಷಿಣದ ತೋಟಗಳಲ್ಲಿ ಗುಲಾಮರಾಗಿ ದುಡಿಯುತ್ತಿದ್ದ ಕಪ್ಪು ಜನರ ಮಾತು, ನಡೆ, ಕುಣಿತಗಳನ್ನು ಅಣಕಿಸಿ ನಗಿಸುತ್ತಿದ್ದರು. 1843ರಲ್ಲಿ ನ್ಯೂಯಾರ್ಕ್ ನಗರದಲ್ಲಿ ವರ್ಜೀನಿಯ ಮಿನ್‌ಸ್ಟ್ರಲ್ಸ್ ಎಂಬ ನಾಲ್ವರ ಮೇಳ ಇಂಥ ವಿನೋದವನ್ನು ಒಂದು ಸಂಜೆಯ ಪೂರ್ಣ ಕಾರ್ಯಕ್ರಮವನ್ನಾಗಿ ಮಾಡಿತು. ಅದಕ್ಕೂ ಮುಂಚೆ ಥಾಮಸ್ ರೈಸ್ ಎಂಬ ನಟನು ಜಿಮ್ ಕ್ರೋ ಎಂಬ ಹೆಸರಿನ ಅಣಕದ ಪಾತ್ರದಿಂದ ಪ್ರಸಿದ್ಧನಾಗಿದ್ದನು. ಕಪ್ಪು ಜನರನ್ನು ಬಿಳಿಯರಿಂದ ಬೇರ್ಪಡಿಸಿಟ್ಟ ಕಾನೂನುಗಳಿಗೆಲ್ಲ ಮುಂದೆ ಆ ಪಾತ್ರದ ಹೆಸರೇ ಅಂಟಿಕೊಂಡಿತು. ರಂಗದ ಮೇಲಿನ ಅಣಕವು ರಾಜ್ಯದ ಶಾಸನಕ್ಕೆ ಹೆಸರಾದುದನ್ನು ನೋಡಿದರೆ, ಈ ವಿನೋದವು ಬರಿಯ ವಿನೋದವಾಗಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಈ ಮೇಳಗಳಿಗಾಗಿ ಹಾಡು ಬರೆದವರಲ್ಲಿ ಸ್ಟೀಫನ್ ಫಾಸ್ಟರನೇ ಶ್ರೇಷ್ಠನು. ಅವನು 1826ರಲ್ಲಿ ಪಿಟ್ಸ್‌ಬರ್ಗಿನ ಬಳಿ ಹುಟ್ಟಿದ ಉತ್ತರದವನು. ದಕ್ಷಿಣದ ತೋಟಗಳ ಬಾಳನ್ನು ಹತ್ತಿರದಿಂದ ಕಂಡವನಲ್ಲ. ಆದರೂ ಆ ತೋಟಗಳ ಹಂಬಲವನ್ನು ಕುರಿತು ಅವನು ರಚಿಸಿದ ಹಾಡುಗಳು ದೇಶದಲ್ಲೆಲ್ಲ ಹಬ್ಬಿದುವು. 1851ರಲ್ಲಿ ಪ್ರಕಟವಾದ ‘ಓಲ್ಡ್ ಫೋಕ್ಸ್ ಅಟ್ ಹೋಮ್’ ಎಂಬ ಅವನ ಅತ್ಯಂತ ಪ್ರಸಿದ್ಧ ಹಾಡಿನ ಮುಖಪುಟದಲ್ಲಿ ಕರ್ತೃವೆಂದು ಅಚ್ಚಾದುದು ಅವನ ಹೆಸರಲ್ಲ; ಹಣ ಕೊಟ್ಟು ಆ ಹಕ್ಕನ್ನು ಪಡೆದ ಮೇಳದ ಯಜಮಾನ ಕ್ರಿಸ್ಟಿಯ ಹೆಸರು. ಮರುವರ್ಷ ಫಾಸ್ಟರನು ತನ್ನ ಹೆಸರನ್ನು ಹಿಂದಕ್ಕೆ ಕೇಳಿದರೂ ಕ್ರಿಸ್ಟಿ ಒಪ್ಪಲಿಲ್ಲ. ಕಪ್ಪು ಜನರ ದನಿಯನ್ನು ಬಿಳಿಯರು ತೊಟ್ಟುಕೊಂಡರು. ಹಾಗೆ ತೊಟ್ಟವರಿಗಾಗಿ ಬರೆದ ಕವಿಯ ಹೆಸರನ್ನು ಮತ್ತೊಬ್ಬನು ತೊಟ್ಟುಕೊಂಡನು. 1864ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಫಾಸ್ಟರನು ತೀರಿಕೊಂಡಾಗ ಅವನ ಹಣದ ಚೀಲದಲ್ಲಿದ್ದುದು 38 ಸೆಂಟುಗಳು ಮಾತ್ರ. ಆಗ ಅವನಿಗೆ 37 ವರ್ಷ.

ಇನ್ನು ನಾಟಕದ ಕಡೆಗೆ ತಿರುಗೋಣ. 1866ರಲ್ಲಿ ನ್ಯೂಯಾರ್ಕಿನ ನಿಬ್ಲೋಸ್ ಗಾರ್ಡನ್ ನಾಟಕಶಾಲೆಯಲ್ಲಿ ‘ದಿ ಬ್ಲ್ಯಾಕ್ ಕ್ರುಕ್’ ಎಂಬ ನಾಟಕ ಆರಂಭವಾಯಿತು. ಅಮೆರಿಕದ ಸಂಗೀತ ನಾಟಕದ ಚರಿತ್ರೆಯನ್ನು ವಾಡಿಕೆಯಾಗಿ ಇಲ್ಲಿಂದ ಮೊದಲು ಮಾಡುತ್ತಾರೆ. ನೃತ್ಯ ಪ್ರದರ್ಶನಕ್ಕಾಗಿ ಯುರೋಪಿನಿಂದ ಕರೆಸಿದ್ದ ನರ್ತಕಿಯರ ತಂಡವೊಂದು, ಅವರು ಕುಣಿಯಬೇಕಾಗಿದ್ದ ಶಾಲೆ ಬೆಂಕಿಗೆ ಆಹುತಿಯಾದುದರಿಂದ ನೆಲೆಯಿಲ್ಲದಾಯಿತು. ಇತ್ತ ಒಂದು ಮಾಟಮಂತ್ರದ ನಾಟಕಕ್ಕೆ ಕಳೆಯೇರಿಸುವ ಬಗೆಯನ್ನು ವ್ಯವಸ್ಥಾಪಕನು ಹುಡುಕುತ್ತಿದ್ದನು. ಎರಡನ್ನೂ ಹೊಲಿದು ಒಂದು ಮಾಡಿದರು. ಮೊದಲ ರಾತ್ರಿಯ ಆಟ ಸುಮಾರು ಐದೂವರೆ ಗಂಟೆಗಳ ಕಾಲ ನಡೆಯಿತಂತೆ. ಒಟ್ಟು 474 ಪ್ರದರ್ಶನಗಳಾದುವು. ಕಥೆಯನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ನೆನಪಿನಲ್ಲಿ ಉಳಿದುದು ನರ್ತಕಿಯರ ಉಡುಪು, ದೃಶ್ಯದ ವೈಭವ, ಅಲ್ಲಲ್ಲಿ ಬಂದುಹೋಗುವ ಹಾಡುಗಳು. ನಾಟಕದಲ್ಲಿ ಹಾಡಿಗೆ ಏನು ಕೆಲಸ ಎಂದು ಆಗ ಕೇಳಿದ್ದರೆ, ಸೀರೆಗೆ ಜರಿಯಂಚಿಗಿರುವ ಕೆಲಸ ಎಂಬ ಉತ್ತರ ಬರುತ್ತಿತ್ತು. ನಮ್ಮ ನಾಟಕ ಕಂಪನಿಗಳ ಆಟಗಳಲ್ಲಿ ಕಥೆಯನ್ನು ನಿಲ್ಲಿಸಿ ಪದಕ್ಕೆ ‘ಒನ್ಸ್ ಮೋರ್’ ಕೂಗುತ್ತಿದ್ದುದನ್ನು ಬಲ್ಲವರಿಗೆ ಈ ಪದ್ಧತಿಯನ್ನು ಹೆಚ್ಚಾಗಿ ವಿವರಿಸಬೇಕಾದುದಿಲ್ಲ.

ಅಂಚು ಬಟ್ಟೆಗೆ ಸೇರಿದ್ದಲ್ಲವಾದರೆ ಅದನ್ನು ಬಿಚ್ಚಿ ಬೇರೆಯಾಗಿ ಮಾರಬಹುದಷ್ಟೆ. 1890ರ ದಶಕದಿಂದ ನಡೆದುದು ಅದೇ. ನ್ಯೂಯಾರ್ಕಿನ ಇಪ್ಪತ್ತೆಂಟನೆಯ ಬೀದಿಯ ಪಶ್ಚಿಮ ಭಾಗದಲ್ಲಿ, ಬ್ರಾಡ್‌ವೇ ರಸ್ತೆಯ ಆಸುಪಾಸಿನಲ್ಲಿ, ಹಾಡಿನ ಪ್ರಕಾಶಕರು ಸಾಲಾಗಿ ಅಂಗಡಿ ಹೂಡಿದರು. ಪ್ರತಿ ಕಿಟಕಿಯಿಂದಲೂ ಒಂದೊಂದು ಪಿಯಾನೋದ ಸದ್ದು ಏಕಕಾಲಕ್ಕೆ ಹೊರಡುತ್ತಿದ್ದುದರಿಂದ ಆ ಓಣಿಗೆ ಟಿನ್ ಪ್ಯಾನ್ ಆಲಿ, ಎಂದರೆ ತಗಡಿನ ಬಾಣಲೆಗಳ ಓಣಿ, ಎಂಬ ಹೆಸರು ಬಂದಿತು. ಆಗಿನ್ನೂ ಗ್ರಾಮಫೋನು ಮನೆಮನೆಗೆ ಬಂದಿರಲಿಲ್ಲ. ಮಧ್ಯಮ ವರ್ಗದವರ ಮನೆಯಲ್ಲಿ ಪಿಯಾನೋ ಇತ್ತು. ಅದನ್ನು ನುಡಿಸುವ ಮಗಳಿದ್ದಳು. ಆಕೆ ಕೊಳ್ಳುತ್ತಿದ್ದ ಅಚ್ಚಾದ ಸ್ವರಪತ್ರಿಕೆಯೇ ವ್ಯಾಪಾರದ ಸರಕು. 1892ರಲ್ಲಿ ಚಾರ್ಲ್ಸ್ ಹ್ಯಾರಿಸ್ ಎಂಬವನು ಬರೆದ ‘ಆಫ್ಟರ್ ದಿ ಬಾಲ್’ ಎಂಬ ಹಾಡನ್ನು ಅದಕ್ಕೆ ಯಾವ ಸಂಬಂಧವೂ ಇಲ್ಲದ ‘ಎ ಟ್ರಿಪ್ ಟು ಚೈನಾಟೌನ್’ ಎಂಬ ನಾಟಕದೊಳಗೆ ತುರುಕಿ ಹಾಡಿಸಿದರು. ಅದರ ಪ್ರತಿಗಳು ಹತ್ತಾರು ಲಕ್ಷಗಳ ಲೆಕ್ಕದಲ್ಲಿ ಮಾರಾಟವಾದುವು. ನಾಟಕಶಾಲೆಯು ಹಾಡಿನ ಜಾಹೀರಾತಿನ ಕಟ್ಟೆಯಾಯಿತು.

ಈ ವ್ಯಾಪಾರವು ಹಾಡಿಗೆ ಒಂದು ಖಚಿತವಾದ ಅಚ್ಚನ್ನೂ ಕ್ರಮೇಣ ಕೊಟ್ಟಿತು. ಮೊದಲು ಪೀಠಿಕೆಯಂತೆ ಒಂದು ಭಾಗ. ಅನಂತರ ಮುಖ್ಯವಾದ ಭಾಗ. ಈ ಮುಖ್ಯ ಭಾಗದಲ್ಲಿ ಎಂಟೆಂಟು ತಾಳಗಟ್ಟುಗಳ ನಾಲ್ಕು ತುಂಡುಗಳಿದ್ದು ಒಟ್ಟು ಮೂವತ್ತೆರಡಾಗುವುದು. ಬಹುಮಟ್ಟಿಗೆ ಮೊದಲನೆಯ, ಎರಡನೆಯ, ನಾಲ್ಕನೆಯ ತುಂಡುಗಳಿಗೆ ಒಂದೇ ಧಾಟಿ. ಮೂರನೆಯದಕ್ಕೆ ಮಾತ್ರ ಬೇರೆ. ಎರಡು ಸಲ ಕೇಳಿದ ಧಾಟಿ ಕಿವಿಗೆ ಹತ್ತುತ್ತದೆ. ಮೂರನೆಯ ತುಂಡಿನಲ್ಲಿ ಅದು ತಪ್ಪಿಹೋಗಿ ಮನಸ್ಸು ಅದಕ್ಕಾಗಿ ಕಾಯುತ್ತದೆ. ನಾಲ್ಕನೆಯದರಲ್ಲಿ ಮರಳಿ ಬಂದಾಗ ಹಳೆಯ ಗೆಳೆಯನನ್ನು ಕಂಡಂತೆ ಹಿಗ್ಗುತ್ತದೆ. ಅಂದಿನ ಗ್ರಾಮಫೋನು ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷಗಳ ಹಾಡು. ಆ ಅಳತೆಗೂ ಈ ಅಚ್ಚು ಚೆನ್ನಾಗಿ ಹೊಂದಿತು. ಇಷ್ಟು ಇಕ್ಕಟ್ಟಾದ ಜಾಗದಲ್ಲಿ ಕರ್ನ್, ಬರ್ಲಿನ್, ಗರ್ಷ್‌ವಿನ್, ಕೋಲ್ ಪೋರ್ಟರ್, ರಾಜರ್ಸ್ ಮೊದಲಾದವರು ಸಾಧಿಸಿದ ವೈವಿಧ್ಯ ಆಶ್ಚರ್ಯಕರವಾದುದು.

ಈ ಅಚ್ಚಿನೊಳಗೆ ತುಂಬಿದ ಜೀವರಸ ಎಲ್ಲಿಂದ ಬಂದಿತು? ಬಹುಪಾಲು ಕಪ್ಪು ಜನರಿಂದ. ಸ್ಕಾಟ್ ಜಾಪ್ಲಿನ್ ಎಂಬ ಕಪ್ಪು ಸಂಗೀತಗಾರನು 1899ರಲ್ಲಿ ‘ಮೇಪಲ್ ಲೀಫ್ ರ‍್ಯಾಗ್’ ಎಂಬ ಪಿಯಾನೋ ಕೃತಿಯನ್ನು ಪ್ರಕಟಿಸಿದನು. ಎಡಗೈಯಲ್ಲಿ ಬಿಗಿಯಾದ ನಡೆ, ಬಲಗೈಯಲ್ಲಿ ತಾಳದ ಪೆಟ್ಟನ್ನು ತಪ್ಪಿಸಿ ತಪ್ಪಿಸಿ ಓಡುವ ಧಾಟಿ: ಇದೇ ರ‍್ಯಾಗ್‌ಟೈಮ್. ಪ್ರತಿಗೆ ಒಂದು ಸೆಂಟಿನಂತೆ ಗೌರವಧನ ಪಡೆಯುವ ಕರಾರನ್ನು ಜಾಪ್ಲಿನ್ ಮಾಡಿಕೊಂಡನು. ಅಂದಿನ ಕಪ್ಪು ಸಂಗೀತಗಾರನಿಗೆ ಅದು ಅಪೂರ್ವವೇ. ಆದರೆ ತನ್ನ ಜನರ ಬಾಳನ್ನು ಕುರಿತು ಅವನು ರಚಿಸಿದ ‘ಟ್ರೀಮೊನಿಷ’ ಎಂಬ ಆಪೆರಾವನ್ನು ರಂಗಕ್ಕೆ ತರಲು ಯಾರೂ ಮುಂದೆ ಬರಲಿಲ್ಲ. 1911ರಲ್ಲಿ ಅವನೇ ಕೈಯಿಂದ ಹಣ ಹಾಕಿ ಅದನ್ನು ಅಚ್ಚು ಮಾಡಿಸಿ, 1917ರಲ್ಲಿ ತೀರಿಕೊಂಡನು. ಅದು ಪೂರ್ಣವಾಗಿ ರಂಗವೇರಿದುದು 1972ರಲ್ಲಿ; ಅವನಿಗೆ ಪುಲಿಟ್ಜರ್ ಸಂಸ್ಥೆಯ ವಿಶೇಷ ಗೌರವ ಸಂದುದು 1976ರಲ್ಲಿ.

ಅದೇ 1911ರಲ್ಲಿ ‘ಅಲೆಗ್ಸಾಂಡರ್ಸ್ ರ‍್ಯಾಗ್‌ಟೈಮ್ ಬ್ಯಾಂಡ್’ ಎಂಬ ಹಾಡಿನಿಂದ ಪ್ರಪಂಚವನ್ನೇ ಕುಣಿಸಿದವನು ಅರ್ವಿಂಗ್ ಬರ್ಲಿನ್. ಅವನೂ ಸುಖವಾಗಿ ಬೆಳೆದವನಲ್ಲ. ರಷ್ಯದ ಸಾಮ್ರಾಜ್ಯದಲ್ಲಿ ಯಹೂದ್ಯರ ಮನೆಯಲ್ಲಿ ಹುಟ್ಟಿ, ಐದು ವರ್ಷದ ಮಗುವಾಗಿ ನ್ಯೂಯಾರ್ಕಿಗೆ ಬಂದು, ಉಪಾಹಾರಗೃಹದಲ್ಲಿ ಬಡಿಸುತ್ತ ಹಾಡುತ್ತ ಹೊಟ್ಟೆ ಹೊರೆದವನು. ಅವನಿಗೆ ಸ್ವರಲಿಪಿಯನ್ನು ಓದಲು ಬಾರದು. ಪಿಯಾನೋದ ಕಪ್ಪು ಮನೆಗಳ ಒಂದೇ ಶ್ರುತಿಯಲ್ಲಿ ನುಡಿಸುತ್ತ, ಸನ್ನೆಯೊಂದನ್ನು ಜಗ್ಗಿದರೆ ಶ್ರುತಿ ಬದಲಾಗುವ ವಿಶೇಷ ವಾದ್ಯವನ್ನಿಟ್ಟುಕೊಂಡು ಅವನು ಜೀವಮಾನವೆಲ್ಲ ಹಾಡು ಕಟ್ಟಿದನು. ಬರ್ಲಿನ್ನನ ಪ್ರತಿಭೆ ನಿಜ. ಅವನು ನಿಂತ ನೆಲವನ್ನು ಉತ್ತವರು ಬೇರೆಯವರೆಂಬುದೂ ನಿಜ. ಇವೆರಡನ್ನೂ ಒಟ್ಟಿಗೆ ಹೇಳದಿದ್ದರೆ ಚರಿತ್ರೆ ಅರ್ಧವಾಗುತ್ತದೆ.

ಕಪ್ಪು ಕಲಾವಿದರು ಬ್ರಾಡ್‌ವೇ ರಂಗಕ್ಕೆ ಬಾರದೆ ಇರಲಿಲ್ಲ. 1903ರಲ್ಲಿ ಬರ್ಟ್ ವಿಲಿಯಮ್ಸ್ ಮತ್ತು ಜಾರ್ಜ್ ವಾಕರ್ ಎಂಬ ಜೋಡಿ ‘ಇನ್ ದಹೋಮಿ’ ಎಂಬ ನಾಟಕವನ್ನು ಆಡಿದರು; ಅದರ ಸಂಗೀತ ವಿಲ್ ಮೇರಿಯನ್ ಕುಕ್ಕನದು. 1921ರಲ್ಲಿ ಸಿಸ್ಸಲ್ ಮತ್ತು ಬ್ಲೇಕ್ ರಚಿಸಿದ ‘ಷಫಲ್ ಅಲಾಂಗ್’ ಐನೂರಕ್ಕೂ ಹೆಚ್ಚು ಪ್ರದರ್ಶನಗಳನ್ನು ಕಂಡಿತು. ಆದರೆ ಬೆಲೆ ತೆರದೆ ಪ್ರವೇಶ ಸಿಕ್ಕಲಿಲ್ಲ. ತಿಳಿಯಾದ ಮೈಬಣ್ಣದ ಕಪ್ಪು ಜನಾಂಗದವನಾದ ಬರ್ಟ್ ವಿಲಿಯಮ್ಸ್, ಬಿಳಿಯ ನಟರು ಕಟ್ಟಿದ ಅಣಕದ ಚಿತ್ರಕ್ಕೆ ಹೊಂದಿಕೊಳ್ಳಲು, ತಾನೇ ಮುಖಕ್ಕೆ ಮಸಿ ಬಳಿದುಕೊಳ್ಳಬೇಕಾಯಿತು. ತನ್ನ ಮುಖದ ಮೇಲೆ ತನ್ನದೇ ವಿಡಂಬನೆಯನ್ನು ಹೊತ್ತು ನಗಿಸಿದವನ ಮನಸ್ಸು ಹೇಗಿದ್ದಿರಬಹುದೆಂಬುದನ್ನು ನೀವೇ ಊಹಿಸಿಕೊಳ್ಳಬಹುದು.

ಹಾಡು ಯಾರದೆಂಬ ಪ್ರಶ್ನೆಗೆ ಕಾನೂನು ಕೂಡ ತನ್ನ ಬಗೆಯಲ್ಲಿ ಉತ್ತರ ಹುಡುಕಿತು. ಬ್ರಾಡ್‌ವೇಯ ಒಂದು ಉಪಾಹಾರಗೃಹದಲ್ಲಿ ವಿಕ್ಟರ್ ಹರ್ಬರ್ಟನ ಹಾಡನ್ನು ಅವನ ಅಪ್ಪಣೆಯಿಲ್ಲದೆ ಹಾಡಿಸುತ್ತಿದ್ದರು. ಹಾಡು ಕೇಳಲು ನಾವು ಟಿಕೆಟ್ಟನ್ನು ಮಾರುವುದಿಲ್ಲವೆಂದು ಮಾಲೀಕರು ವಾದಿಸಿದರು. 1917ರಲ್ಲಿ ವರಿಷ್ಠ ನ್ಯಾಯಾಲಯದ ನ್ಯಾಯಾಧೀಶ ಹೋಮ್ಸನು ಈ ವಾದವನ್ನು ತಳ್ಳಿಹಾಕಿದನು. ಗಿರಾಕಿ ಕೊಡುವ ಹಣದಲ್ಲಿ ಊಟದ ಬೆಲೆಯೊಂದೇ ಅಲ್ಲದೆ ಹಾಡಿನ ಬೆಲೆಯೂ ಅಡಗಿದೆಯೆಂಬುದು ತೀರ್ಪಿನ ತಾತ್ಪರ್ಯ. 1914ರಲ್ಲಿ ಹುಟ್ಟಿದ ಆಸ್ಕ್ಯಾಪ್ ಎಂಬ ಗೀತಕಾರರ ಸಂಘಕ್ಕೆ ಇದರಿಂದ ಬಲ ಬಂದು, ಸಾರ್ವಜನಿಕವಾಗಿ ಹಾಡಿದ ಕಡೆಯಿಂದೆಲ್ಲ ಅದು ಗೌರವಧನವನ್ನು ವಸೂಲು ಮಾಡತೊಡಗಿತು. ಆದರೆ ಸಂಘದ ಬಾಗಿಲು ಎಲ್ಲರಿಗೂ ಸಮನಾಗಿ ತೆರೆದಿರಲಿಲ್ಲ. ಹಳ್ಳಿಗಾಡಿನ ಹಾಡುಗಾರರು, ಬ್ಲೂಸ್ ಹಾಡುವ ಕಪ್ಪು ಜನರು ಇವರಲ್ಲಿ ಬಹುಮಂದಿ ಹೊರಗೇ ಉಳಿದರು.

ಈಗ ನಮ್ಮ ಎರಡು ಪ್ರಶ್ನೆಗಳೂ ಒಂದೇ ರಂಗದ ಮೇಲೆ ಕೂಡಿದ ದಿನಕ್ಕೆ ಬರೋಣ. 1927ನೆಯ ಇಸವಿ ಡಿಸೆಂಬರ್ 27ರ ರಾತ್ರಿ ನ್ಯೂಯಾರ್ಕಿನ ಜೀಗ್‌ಫೆಲ್ಡ್ ನಾಟಕಶಾಲೆಯಲ್ಲಿ ‘ಷೋ ಬೋಟ್’ ಆರಂಭವಾಯಿತು. ಎಡ್ನಾ ಫರ್ಬರ್ ಎಂಬಾಕೆ ಹಿಂದಿನ ವರ್ಷ ಪ್ರಕಟಿಸಿದ ಕಾದಂಬರಿಯೇ ಅದರ ಮೂಲ. ಸಂಗೀತ ಜೆರೋಮ್ ಕರ್ನನದು. ಮಾತು ಮತ್ತು ಪದ್ಯ ಆಸ್ಕರ್ ಹ್ಯಾಮರ್‌ಸ್ಟೈನನವು. ಕರ್ನನು ಅದಕ್ಕೆ ಹತ್ತು ಹನ್ನೆರಡು ವರ್ಷ ಹಿಂದೆಯೇ 299 ಆಸನಗಳ ಪ್ರಿನ್ಸೆಸ್ ಎಂಬ ಪುಟ್ಟ ಶಾಲೆಯಲ್ಲಿ, ಬೋಲ್ಟನ್ ಮತ್ತು ವುಡ್‌ಹೌಸ್ ಇವರ ಜೊತೆಗೂಡಿ, ಹಾಡು ಕಥೆಯ ಸಂದರ್ಭದಿಂದಲೇ ಮೂಡಬೇಕೆಂಬ ತತ್ತ್ವವನ್ನು ಲಘು ಪ್ರಹಸನಗಳಲ್ಲಿ ಅಭ್ಯಾಸ ಮಾಡಿದ್ದನು. ಆ ಅಭ್ಯಾಸವೆಲ್ಲ ಇಲ್ಲಿ ಗಂಭೀರವಾದ ವಸ್ತುವಿಗೆ ಒದಗಿತು.

ಮಿಸಿಸಿಪ್ಪಿ ನದಿಯ ಮೇಲೆ ಊರಿಂದೂರಿಗೆ ತೇಲಿಹೋಗುವ ನಾಟಕದ ದೋಣಿಯೇ ಕಥೆಯ ನೆಲೆ. ಆ ಮೇಳದ ಮುಖ್ಯ ನಟಿ ಜೂಲಿ. ಒಂದು ದಿನ ಆಕೆ ಯಜಮಾನನ ಮಗಳಿಗೆ ಹಳೆಯ ಪ್ರೇಮಗೀತೆಯೊಂದನ್ನು ಹಾಡಿ ತೋರಿಸುತ್ತಾಳೆ. ಕಪ್ಪು ಜನಾಂಗದ ಅಡುಗೆಯಾಕೆ ಕ್ವೀನಿ ಅದನ್ನು ಕೇಳಿ ಬೆರಗಾಗುತ್ತಾಳೆ. ಈ ಹಾಡು ನಮ್ಮವರಿಗೆ ಮಾತ್ರ ಗೊತ್ತು, ನಿಮಗೆ ಹೇಗೆ ಬಂದಿತು ಎಂಬುದು ಅವಳ ಪ್ರಶ್ನೆ. ಜೂಲಿಯ ಮುಖ ಕಳೆಗುಂದುತ್ತದೆ. ಆಕೆ ಬಿಳಿಯಳೆಂದೇ ಎಲ್ಲರೂ ತಿಳಿದಿದ್ದಾರೆ. ಆಕೆಯ ಮೈಯಲ್ಲಿ ಕಪ್ಪು ಜನರ ರಕ್ತವೂ ಉಂಟೆಂಬುದು ಗುಟ್ಟು. ಆಕೆಯ ಗಂಡ ಬಿಳಿಯನು. ಅಲ್ಲಿನ ಕಾನೂನಿನ ಪ್ರಕಾರ ಅಂಥ ವಿವಾಹ ಅಪರಾಧ. ಅಧಿಕಾರಿ ಹಿಡಿಯಲು ಬಂದಾಗ, ಗಂಡನು ಹೆಂಡತಿಯ ಕೈಯನ್ನು ಗೀರಿ ರಕ್ತವನ್ನು ಹೀರಿ, ತನ್ನಲ್ಲಿಯೂ ಆ ರಕ್ತ ಇದೆಯೆಂದು ಹೇಳುತ್ತಾನೆ. ಇಬ್ಬರೂ ದೋಣಿಯನ್ನು ಬಿಟ್ಟು ಹೋಗಬೇಕಾಗುತ್ತದೆ.

ಇಲ್ಲಿ ಹಾಡು ಮಾಡಿದ ಕೆಲಸವನ್ನು ಗಮನಿಸಿ. ಅದು ಕಥೆಯನ್ನು ನಿಲ್ಲಿಸಲಿಲ್ಲ; ಕಥೆಯನ್ನು ನಡೆಸಿತು. ಅದನ್ನು ತೆಗೆದು ಬೇರೊಂದು ಹಾಡನ್ನಿಟ್ಟರೆ ನಾಟಕವೇ ಕುಸಿಯುತ್ತದೆ. ಏಕೆಂದರೆ ಜೂಲಿ ಚೆನ್ನಾಗಿ ಹಾಡಿದಳೇ ಇಲ್ಲವೇ ಎಂಬುದು ಮುಖ್ಯವಲ್ಲ. ಆ ಹಾಡು ಯಾರದೆಂಬುದೇ ಮುಖ್ಯ. ಎಂಬತ್ತು ವರ್ಷಗಳಿಂದ ಮಸಿಯ ಕೆಳಗೆ ಮುಚ್ಚಿಟ್ಟಿದ್ದ ಪ್ರಶ್ನೆಯನ್ನು ರಂಗದ ಮೇಲೆ ಬಾಯಿಬಿಟ್ಟು ಕೇಳಿದಾಗ ಹಾಡು ಜರಿಯಂಚಾಗಿರುವುದನ್ನು ಬಿಟ್ಟು ನಾಟಕದ ನೂಲೇ ಆಯಿತು. ವಿವಾಹವನ್ನು ಕುರಿತ ಆ ಬಗೆಯ ಕಾನೂನುಗಳನ್ನು ವರಿಷ್ಠ ನ್ಯಾಯಾಲಯ ದೇಶದಲ್ಲೆಲ್ಲ ಅಸಿಂಧುಗೊಳಿಸಿದುದು 1967ರಲ್ಲಿ, ಎಂದರೆ ನಾಟಕ ಬಂದ ನಲವತ್ತು ವರ್ಷಗಳ ಮೇಲೆ.

ಆದರೂ ಈ ಜಯವನ್ನು ಮಿತಿಮೀರಿ ಹೊಗಳಬಾರದು. ಕಪ್ಪು ಜನರದೆಂದು ನಾಟಕ ಹೇಳುವ ಆ ಹಾಡನ್ನು ರಚಿಸಿದವರು ಕರ್ನ್ ಮತ್ತು ಹ್ಯಾಮರ್‌ಸ್ಟೈನರೇ. ಹಾಡನ್ನು ಗುರುತಿಸುವ ಕ್ವೀನಿಯ ಪಾತ್ರವನ್ನು 1927ರಲ್ಲಿ ವಹಿಸಿದವಳು ಟೆಸ್ ಗಾರ್ಡೆಲ ಎಂಬ ಇಟಲಿ ಮೂಲದ ಬಿಳಿಯ ನಟಿ, ಮುಖಕ್ಕೆ ಮಸಿ ಬಳಿದುಕೊಂಡು! ಅದೇ ವರ್ಷ ಅಕ್ಟೋಬರಿನಲ್ಲಿ ಮಾತಾಡುವ ಚಿತ್ರಗಳ ಯುಗವನ್ನು ತೆರೆದ ‘ದಿ ಜಾಸ್ ಸಿಂಗರ್’ ಚಿತ್ರದಲ್ಲಿ ಆಲ್ ಜಾಲ್ಸನನು ಹಾಡಿದುದೂ ಮಸಿ ಬಳಿದ ಮುಖದಿಂದಲೇ. ಹಳೆಯದು ಒಂದೇ ರಾತ್ರಿಯಲ್ಲಿ ಅಳಿಯಲಿಲ್ಲ. ಹೊಸದು ಅದರ ಪಕ್ಕದಲ್ಲಿಯೇ ಹುಟ್ಟಿಕೊಂಡಿತು.

ಇದೇ ನಾಟಕದಲ್ಲಿ ಹಡಗುಕಟ್ಟೆಯ ಕೂಲಿಯಾದ ಜೋ ಎಂಬವನು ನದಿಯನ್ನು ಕುರಿತು ಹಾಡುವ ‘ಓಲ್ ಮ್ಯಾನ್ ರಿವರ್’ ಎಂಬ ಹಾಡಿನ ಚರಿತ್ರೆ ಇನ್ನೂ ಸ್ವಾರಸ್ಯವಾದುದು. ಅದನ್ನು 1928ರಲ್ಲಿ ಲಂಡನ್ನಿನಲ್ಲಿಯೂ 1936ರ ಚಲನಚಿತ್ರದಲ್ಲಿಯೂ ಹಾಡಿ ಲೋಕಪ್ರಸಿದ್ಧ ಮಾಡಿದವನು ಪಾಲ್ ರಾಬ್ಸನ್. ಅವನ ತಂದೆ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವನು. ಮೂಲ ಪದ್ಯದಲ್ಲಿರುವುದು ದುಡಿದು ಬೇಸತ್ತ ಮನುಷ್ಯನ ನಿಟ್ಟುಸಿರು. ರಾಬ್ಸನ್ನನು ತನ್ನ ಗಾನಸಭೆಗಳಲ್ಲಿ ಅದರ ಮಾತುಗಳನ್ನು ಕ್ರಮಕ್ರಮವಾಗಿ ಬದಲಿಸಿ, ಕೊನೆಯುಸಿರಿನವರೆಗೂ ಹೋರಾಡುವ ಸಂಕಲ್ಪವನ್ನಾಗಿ ತಿದ್ದಿದನು. ಕವಿಯ ಅಪ್ಪಣೆಯಿಲ್ಲದೆ ಪದ್ಯವನ್ನು ತಿದ್ದುವುದು ಸರಿಯೇ ಎಂದು ಕೇಳಬಹುದು. ಆದರೆ ಯಾರ ನೋವನ್ನು ಪದ್ಯವು ಹೇಳಲು ಹೊರಟಿತೋ ಅವರೇ ಬಂದು, ನಮ್ಮ ನೋವು ಹೀಗಲ್ಲ, ಹೀಗೆ ಎಂದರೆ ಅವರನ್ನು ತಡೆಯುವವರು ಯಾರು? ಕಾನೂನಿನ ಒಡೆತನ ಒಂದು. ಅನುಭವದ ಒಡೆತನ ಇನ್ನೊಂದು.

ಜಾರ್ಜ್ ಗರ್ಷ್‌ವಿನ್ನನಿಗೂ ಈ ವಿವೇಚನೆ ಇತ್ತು. ಹದಿನೈದನೆಯ ವಯಸ್ಸಿನಲ್ಲಿ ಶಾಲೆ ಬಿಟ್ಟು ಟಿನ್ ಪ್ಯಾನ್ ಆಲಿಯಲ್ಲಿ ಗಿರಾಕಿಗಳ ಮುಂದೆ ಹಾಡು ನುಡಿಸಿ ತೋರಿಸುವ ಕೆಲಸಕ್ಕೆ ಸೇರಿದವನು ಅವನು. 1935ರಲ್ಲಿ ‘ಪೋರ್ಗಿ ಅಂಡ್ ಬೆಸ್’ ಎಂಬ ಆಪೆರಾವನ್ನು ರಂಗಕ್ಕೆ ತಂದಾಗ, ಕಪ್ಪು ಜನರ ಪಾತ್ರಗಳನ್ನು ಕಪ್ಪು ಕಲಾವಿದರೇ ವಹಿಸಬೇಕೆಂಬುದು ಅವನ ನಿಶ್ಚಯವಾಗಿತ್ತು. ಮೊದಲ ಸಲ ಅದು 124 ಪ್ರದರ್ಶನಗಳನ್ನಷ್ಟೇ ಕಂಡು ನಷ್ಟಕ್ಕೆ ಗುರಿಯಾಯಿತು. 1936ರಲ್ಲಿ ಈ ತಂಡ ವಾಷಿಂಗ್ಟನ್ ನಗರಕ್ಕೆ ಹೋದಾಗ ಅಲ್ಲಿನ ನ್ಯಾಷನಲ್ ನಾಟಕಶಾಲೆಯಲ್ಲಿ ಕಪ್ಪು ಪ್ರೇಕ್ಷಕರಿಗೆ ಬಿಳಿಯರ ಸಮನಾಗಿ ಕುಳಿತುಕೊಳ್ಳುವ ಹಕ್ಕಿರಲಿಲ್ಲ. ಪೋರ್ಗಿಯ ಪಾತ್ರಧಾರಿ ಟಾಡ್ ಡಂಕನ್ ಮೊದಲಾದವರು, ತಮ್ಮವರಿಗೆ ಆಸನವಿಲ್ಲದ ಕಡೆ ತಾವು ಹಾಡುವುದಿಲ್ಲವೆಂದು ಹಟ ಹಿಡಿದರು. ಆ ಪ್ರದರ್ಶನಗಳ ಮಟ್ಟಿಗೆ ಶಾಲೆಯ ನಿಯಮ ಸಡಿಲವಾಯಿತು. ಅವರು ಹೋದ ಮೇಲೆ ಹಳೆಯ ನಿಯಮ ಮರಳಿತೆಂಬುದನ್ನೂ ಹೇಳಬೇಕು.

‘ಷೋ ಬೋಟ್’ ತೋರಿಸಿದ ದಾರಿಯನ್ನು ರಾಜಮಾರ್ಗ ಮಾಡಿದುದು 1943ರ ‘ಓಕ್ಲಹೋಮ’. ಸಂಗೀತ ರಿಚರ್ಡ್ ರಾಜರ್ಸನದು, ಪದ್ಯ ಅದೇ ಹ್ಯಾಮರ್‌ಸ್ಟೈನನದು, ನೃತ್ಯ ಆಗ್ನೆಸ್ ಡಿ ಮಿಲ್ ಎಂಬಾಕೆಯದು. ತೆರೆ ಎದ್ದಾಗ ಹಿಂದಿನಂತೆ ನರ್ತಕಿಯರ ಸಾಲಿಲ್ಲ. ಒಬ್ಬ ಹೆಂಗಸು ಅಂಗಳದಲ್ಲಿ ಕುಳಿತು ಮಜ್ಜಿಗೆ ಕಡೆಯುತ್ತಿದ್ದಾಳೆ. ತೆರೆಯ ಹಿಂದಿನಿಂದ ಒಬ್ಬನ ಹಾಡು ಪಕ್ಕವಾದ್ಯವಿಲ್ಲದೆ ಕೇಳಿಬರುತ್ತದೆ. ನಾಯಕಿ ಬಾಯಿಬಿಟ್ಟು ಹೇಳಲಾರದ ಭಯವನ್ನು ಕನಸಿನ ನೃತ್ಯವೊಂದು ಹೇಳುತ್ತದೆ. ಮಾತು ಸಾಲದಾದಾಗ ಹಾಡು, ಹಾಡೂ ಸಾಲದಾದಾಗ ನೃತ್ಯ ಎಂಬ ನಿಯಮ ನೆಲೆಗೊಂಡಿತು. 2,212 ಪ್ರದರ್ಶನಗಳಾದುವು. ಮೂಲ ನಾಟಕವನ್ನು ಬರೆದ ಲಿನ್ ರಿಗ್ಸ್ ಚೆರೋಕೀ ಎಂಬ ಆದಿವಾಸಿ ಜನಾಂಗಕ್ಕೆ ಸೇರಿದವನು. ಅವನ ಊರು ಆಗ ಆದಿವಾಸಿಗಳ ಪ್ರಾಂತವೆಂದೇ ಹೆಸರಾಗಿತ್ತು. ಆ ನೆಲವನ್ನು ಕೊಂಡಾಡುವ ಸಂಗೀತ ನಾಟಕದಲ್ಲಿ ಆ ಜನರೇ ಕಾಣುವುದಿಲ್ಲ.

ಅದೇ ಜೋಡಿಯ ‘ಸೌತ್ ಪೆಸಿಫಿಕ್’ 1949ರಲ್ಲಿ ಬಂದಿತು. ಅದರಲ್ಲಿ ಒಬ್ಬ ಯುವಕ ಸೇನಾಧಿಕಾರಿಯು, ವರ್ಣದ್ವೇಷ ಹುಟ್ಟಿನಿಂದ ಬಂದುದಲ್ಲ, ಎಳೆಯ ಮಕ್ಕಳಿಗೆ ಮನೆಯವರು ಕಲಿಸಿಕೊಟ್ಟುದು ಎಂಬ ಅರ್ಥದ ಚಿಕ್ಕ ಹಾಡನ್ನು ಹಾಡುತ್ತಾನೆ. ಅದನ್ನು ಕೈಬಿಡುವಂತೆ ಬಂದ ಸಲಹೆಗಳಿಗೆ ಕರ್ತೃಗಳು ಕಿವಿಗೊಡಲಿಲ್ಲ. 1953ರಲ್ಲಿ ಜಾರ್ಜಿಯ ಸಂಸ್ಥಾನದ ಕೆಲವು ಶಾಸಕರು ಇದೇ ಹಾಡನ್ನು ಬಹಿರಂಗವಾಗಿ ಖಂಡಿಸಿದರು. ಹಾಡು ಕೇವಲ ಅಲಂಕಾರವಾಗಿದ್ದರೆ ಶಾಸಕರು ಅದಕ್ಕೆ ಹೆದರಬೇಕಾಗಿರಲಿಲ್ಲ.

ಇಷ್ಟರಲ್ಲಿ ರೇಡಿಯೋ ಈ ವ್ಯಾಪಾರವನ್ನೆಲ್ಲ ತಲೆಕೆಳಗು ಮಾಡಿತ್ತು. ಆಸ್ಕ್ಯಾಪ್ ಸಂಘ ಹೆಚ್ಚಿನ ಶುಲ್ಕವನ್ನು ಕೇಳಲು, ರೇಡಿಯೋ ಕಂಪನಿಗಳು 1941ರ ಜನವರಿಯಿಂದ ಸುಮಾರು ಹತ್ತು ತಿಂಗಳ ಕಾಲ ಆ ಸಂಘದ ಹಾಡುಗಳನ್ನೇ ಬಹಿಷ್ಕರಿಸಿದುವು. ಹಾಡಲು ಏನು ಉಳಿಯಿತು? ಹಕ್ಕಿನ ಅವಧಿ ಮುಗಿದ ಹಳೆಯ ಹಾಡುಗಳು. ಮೂವತ್ತೆಂಟು ಸೆಂಟುಗಳನ್ನು ಬಿಟ್ಟು ಸತ್ತ ಫಾಸ್ಟರನ ಗೀತೆಗಳು ಹಗಲಿರುಳೂ ಆಕಾಶದಲ್ಲಿ ಮೊಳಗಿದುವು, ಯಾರಿಗೂ ಒಂದು ಕಾಸನ್ನೂ ಕೊಡಬೇಕಾಗಿರಲಿಲ್ಲವೆಂಬ ಕಾರಣದಿಂದ. ಆದರೆ ಈ ಜಗಳದಿಂದ ಒಂದು ಒಳ್ಳೆಯದೂ ಆಯಿತು. ಕಂಪನಿಗಳು 1939ರಲ್ಲಿ ಸ್ಥಾಪಿಸಿದ್ದ ಬಿ. ಎಮ್. ಐ. ಎಂಬ ಪ್ರತಿಸಂಘ, ಹಿಂದೆ ಬಾಗಿಲ ಹೊರಗೆ ನಿಂತಿದ್ದ ಹಳ್ಳಿಯ ಹಾಡುಗಾರರನ್ನೂ ಬ್ಲೂಸ್ ಗೀತಕಾರರನ್ನೂ ಸೇರಿಸಿಕೊಂಡಿತು. 1950ರ ದಶಕದ ನಡುವೆ ರಾಕ್ ಅಂಡ್ ರೋಲ್ ಎಂಬ ಹೊಸ ಸಂಗೀತ ಎದ್ದುದು ಈ ನೆಲದಿಂದಲೇ. ಅಲ್ಲಿಂದ ಮುಂದೆ ಜನಪ್ರಿಯ ಗೀತೆಗೂ ಸಂಗೀತ ನಾಟಕಕ್ಕೂ ಇದ್ದ ಒಕ್ಕಲುತನ ಒಡೆಯಿತು. ಬೀದಿಯ ಹಾಡು ಒಂದು ದಾರಿ, ಬ್ರಾಡ್‌ವೇ ಹಾಡು ಮತ್ತೊಂದು ದಾರಿ ಹಿಡಿದುವು.

ಅವು ಮತ್ತೆ ಮತ್ತೆ ಕೂಡಲು ಯತ್ನಿಸಿವೆ. 1957ರ ‘ವೆಸ್ಟ್ ಸೈಡ್ ಸ್ಟೋರಿ’ಯಲ್ಲಿ ಬರ್ನ್‌ಸ್ಟೈನನು ನಗರದ ಬಡ ಬೀದಿಗಳ ಲಯವನ್ನು ರಂಗಕ್ಕೆ ತಂದನು. 1968ರಲ್ಲಿ ‘ಹೇರ್’ ಎಂಬ ನಾಟಕ ರಾಕ್ ಸಂಗೀತವನ್ನು ಬ್ರಾಡ್‌ವೇಗೆ ಕೊಂಡೊಯ್ದಿತು. 2015ರಲ್ಲಿ ಬ್ರಾಡ್‌ವೇಗೆ ಬಂದ ‘ಹ್ಯಾಮಿಲ್ಟನ್’ ಎಂಬ ನಾಟಕದಲ್ಲಿ ಲಿನ್ ಮ್ಯಾನ್ಯುಯಲ್ ಮಿರಾಂಡ ಎಂಬ ಪೋರ್ಟೊ ರಿಕೊ ಮೂಲದ ಕವಿ, ಕಪ್ಪು ಜನರ ಬೀದಿಗಳಲ್ಲಿ ಹುಟ್ಟಿದ ರ‍್ಯಾಪ್ ಎಂಬ ಲಯಬದ್ಧ ಮಾತಿನಲ್ಲಿ ಆ ದೇಶದ ಸ್ಥಾಪಕರ ಕಥೆಯನ್ನು ಹೇಳಿದನು. ಬಿಳಿಯರಾದ ಆ ಸ್ಥಾಪಕರ ಪಾತ್ರಗಳನ್ನು ವಹಿಸಿದವರು ಬಹುಪಾಲು ಬಿಳಿಯರಲ್ಲದವರು, ಮುಖಕ್ಕೆ ಯಾವ ಬಣ್ಣವನ್ನೂ ಬಳಿದುಕೊಳ್ಳದೆ. 1843ರ ಮಿನ್‌ಸ್ಟ್ರಲ್ ಮೇಳವನ್ನು ನೆನೆದರೆ, ಸುಮಾರು 170 ವರ್ಷಗಳಲ್ಲಿ ರಂಗ ಎಷ್ಟು ದೂರ ತಿರುಗಿ ಬಂದಿತೆಂಬುದು ಅರಿವಾಗುತ್ತದೆ.

ಕೊನೆಯದಾಗಿ, ಇದು ನಮಗೆ ಸಂಬಂಧಿಸದ ದೂರದ ಕಥೆಯೆಂದು ಭಾವಿಸಬಾರದು. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ 1952ರಲ್ಲಿ ಡಾಕ್ಟರೇಟ್ ಪಡೆದ ಅಸ್ಸಾಮಿನ ಭೂಪೇನ್ ಹಜಾರಿಕಾ ಅವರಿಗೆ ಅಲ್ಲಿ ಪಾಲ್ ರಾಬ್ಸನ್ನನ ಪರಿಚಯವಾಯಿತು. ಮಿಸಿಸಿಪ್ಪಿಯನ್ನು ಕುರಿತ ಆ ಹಾಡಿನಿಂದ ಸ್ಫೂರ್ತಿಗೊಂಡು ಅವರು ಬ್ರಹ್ಮಪುತ್ರೆಯನ್ನು ಪ್ರಶ್ನಿಸುವ ಅಸ್ಸಾಮೀ ಗೀತೆಯೊಂದನ್ನು ರಚಿಸಿದರು. ಅದೇ ಬಂಗಾಳಿಯಲ್ಲಿಯೂ ಹಿಂದಿಯಲ್ಲಿಯೂ ಗಂಗೆಯನ್ನು ಕುರಿತ ಹಾಡಾಗಿ ನಮ್ಮ ನಾಡಿನ ಶ್ರೋತೃಗಳ ಕಿವಿಗೂ ಬಿದ್ದಿದೆ. ಎರಡು ದಡಗಳಲ್ಲಿ ಜನ ಇಷ್ಟು ಕಷ್ಟಪಡುತ್ತಿರುವಾಗ ನೀನು ಹೇಗೆ ಸುಮ್ಮನೆ ಹರಿಯುತ್ತಿರುವೆ ಎಂಬುದು ಅದರ ಭಾವ. ಯಹೂದ್ಯ ಸಂಗೀತಗಾರನು ಕಟ್ಟಿದ ಧಾಟಿ, ಗುಲಾಮನ ಮಗನು ತಿದ್ದಿದ ಮಾತು, ಅಸ್ಸಾಮಿನ ಕವಿ ಕೊಟ್ಟ ಹೊಸ ನದಿ. ಈ ಹಾಡು ಯಾರದೆಂದು ಈಗ ಯಾರಾದರೂ ಕೇಳಿದರೆ, ಅದನ್ನು ಹೊತ್ತು ತಂದವರ ಹೆಸರುಗಳನ್ನೆಲ್ಲ ಒಂದೊಂದಾಗಿ ಹೇಳುವುದೇ ಸರಿಯಾದ ಉತ್ತರ. ಫಾಸ್ಟರನಿಗೆ, ಜಾಪ್ಲಿನ್ನನಿಗೆ, ಹೆಸರು ಕೂಡ ಉಳಿಯದ ತೋಟದ ಹಾಡುಗಾರರಿಗೆ ಅವರ ಕಾಲ ಸಲ್ಲಿಸದೆ ಹೋದುದು ಅದನ್ನೇ. ಹಾಡನ್ನು ಕೇಳಿ ಸಂತೋಷಪಟ್ಟವರು ತೀರಿಸಬೇಕಾದ ಸಾಲವೂ ಅಷ್ಟೇ.